ಕೋರ್ ಐ7-12700 ನೂರು ಡಿಗ್ರಿ ಮುಟ್ಟುತ್ತಿದೆ: ಪೇಸ್ಟ್ ಎರಡು ಸಲ ಬದಲಿಸಿದರೂ ಇಳಿಯುತ್ತಿಲ್ಲ

ಬಿಸಿಲನಾಡು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಮನೆಗಳ ನಕ್ಷೆಯನ್ನೂ ಮುಂಭಾಗದ ಮೂರು ಆಯಾಮದ ಚಿತ್ರಗಳನ್ನೂ ತಯಾರಿಸಿಕೊಡುವ ಕೆಲಸ ಮಾಡುತ್ತೇನೆ. ಕಳೆದ ಡಿಸೆಂಬರ್‌ನಲ್ಲಿ ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು, ನಾನೇ ಕೂತು ಒಂದು ಡೆಸ್ಕ್‌ಟಾಪ್ ಜೋಡಿಸಿದೆ. ಪ್ರೊಸೆಸರ್ ಇಂಟೆಲ್ ಕೋರ್ ಐ7-12700, ಮದರ್‌ಬೋರ್ಡ್ ಬಿ660 ಚಿಪ್‌ಸೆಟ್‌ನದು, ರ‍್ಯಾಮ್ 32 ಜಿಬಿ. ಕೂಲರ್ ಪ್ರೊಸೆಸರಿನ ಡಬ್ಬಿಯಲ್ಲೇ ಬಂದದ್ದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವಷ್ಟು ಹಣ ಆಗ ಇರಲಿಲ್ಲವಾದ್ದರಿಂದ ಬ್ಲೆಂಡರ್‌ನ ರೆಂಡರಿಂಗ್ (ಮೂರು ಆಯಾಮದ ಮಾದರಿಯನ್ನು ಅಂತಿಮ ಚಿತ್ರವಾಗಿ ಮೂಡಿಸುವ ಕೆಲಸ) ಎಲ್ಲವೂ ಪ್ರೊಸೆಸರಿನ ಮೇಲೆಯೇ ನಡೆಯುತ್ತದೆ.

ಚಳಿಗಾಲದಲ್ಲಿ ನಾನು ತಾಪಮಾನದ ಕಡೆ ಕಣ್ಣು ಹಾಯಿಸಿಯೇ ಇರಲಿಲ್ಲ. ಏಪ್ರಿಲ್ ಬಂದ ಮೇಲೆ ಫ್ಯಾನಿನ ಸದ್ದು ತಡೆಯಲಾಗದಷ್ಟಾಗಿ, ಎಚ್‌ಡಬ್ಲ್ಯೂಇನ್ಫೋ ಎಂಬ ತಾಪಮಾನ ತೋರಿಸುವ ತಂತ್ರಾಂಶ ಹಾಕಿ ನೋಡಿದರೆ ಎದೆ ಧಸಕ್ಕೆಂದಿತು. ಏನೂ ಕೆಲಸ ಮಾಡದೆ ಸುಮ್ಮನೆ ಇದ್ದಾಗಲೇ 50 ಡಿಗ್ರಿ ತೋರಿಸುತ್ತಿದೆ. ರೆಂಡರ್ ಶುರು ಮಾಡಿದ ಸುಮಾರು ಹತ್ತು ಸೆಕೆಂಡಿನಲ್ಲಿ 100 ಡಿಗ್ರಿ ಮುಟ್ಟಿ ಅಲ್ಲಿಯೇ ನಿಲ್ಲುತ್ತದೆ. ಮೊದಲು 4.5 ಗಿಗಾಹರ್ಟ್ಸ್ ಇದ್ದ ವೇಗ ನಿಧಾನವಾಗಿ 3.6ರ ಆಸುಪಾಸಿಗೆ ಜಾರುತ್ತದೆ. ಇಷ್ಟಾದರೂ ಯಂತ್ರ ಒಮ್ಮೆಯೂ ತಾನಾಗಿ ಆರಿಲ್ಲ.

ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಸರಿಯಿಲ್ಲವೆಂದುಕೊಂಡು ಎರಡು ಬಾರಿ ಬದಲಿಸಿದೆ. ಎರಡನೆಯ ಸಲ ಒಳ್ಳೆಯ ಬೆಲೆಯ ಪೇಸ್ಟನ್ನೇ ತರಿಸಿದೆ. ಒಂದೆರಡು ಡಿಗ್ರಿಯ ವ್ಯತ್ಯಾಸವೂ ಕಾಣಲಿಲ್ಲ. ಪರಿಚಿತರೊಬ್ಬರು ಲಿಕ್ವಿಡ್ ಕೂಲರ್ ಹಾಕದೆ ಗತಿಯಿಲ್ಲ ಎನ್ನುತ್ತಾರೆ, ಇನ್ನೊಬ್ಬರು ಪ್ರೊಸೆಸರ್ ಬದಲಿಸಲು ಹೇಳುತ್ತಾರೆ. ನನಗೆ ತಿಳಿಯಬೇಕಾದದ್ದು ಇಷ್ಟು: ಹೀಗೆ ನೂರು ಡಿಗ್ರಿಯಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಓಡಿದರೆ ಪ್ರೊಸೆಸರ್ ಹಾಳಾಗುತ್ತದೆಯೇ? ತಪ್ಪು ಎಲ್ಲಿದೆ ಎಂದು ಕಂಡುಹಿಡಿಯುವುದು ಹೇಗೆ? ಹಣ ಖರ್ಚು ಮಾಡಲೇಬೇಕೆಂದಿದ್ದರೆ ಯಾವುದಕ್ಕೆ ಮಾಡಬೇಕು?

ಮೂರು_ಫ್ಯಾನ್

ನಮಸ್ಕಾರ. ಮೊದಲು ಗಾಬರಿ ಬಿಡಿ. ನನ್ನ ಬಳಿ ಇರುವುದು ಎಎಂಡಿ ರೈಜ಼ನ್ 7 7700ಎಕ್ಸ್. ಎಲ್ಲ ಕೋರ್‌ಗಳಿಗೂ ಪೂರ್ತಿ ಕೆಲಸ ಕೊಟ್ಟರೆ ಅದು 95 ಡಿಗ್ರಿಗೆ ಹೋಗಿ ಕೂರುತ್ತದೆ. 2022ರಲ್ಲಿ ಆ ಸರಣಿ ಬಂದಾಗಲೇ, 95 ಡಿಗ್ರಿಯವರೆಗೆ ಏರಿ ಅಲ್ಲಿ ಸಿಗುವಷ್ಟು ವೇಗವನ್ನು ಹಿಂಡಿಕೊಳ್ಳುವಂತೆ ಅದನ್ನು ವಿನ್ಯಾಸ ಮಾಡಲಾಗಿದೆ ಎಂದು ತಯಾರಕರೇ ಹೇಳಿದ್ದರು. ನಾನೂ ಮೊದಲ ತಿಂಗಳು ನಿಮ್ಮ ಹಾಗೆಯೇ ನಿದ್ದೆಗೆಟ್ಟಿದ್ದೆ. ಈಗ ಆ ಸಂಖ್ಯೆಯನ್ನು ನೋಡುವುದನ್ನೇ ಬಿಟ್ಟಿದ್ದೇನೆ. ನಿಮ್ಮ ಪ್ರೊಸೆಸರಿನ ಮಿತಿ 100 ಡಿಗ್ರಿ. ಮಿತಿ ದಾಟದಂತೆ ಅದು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಸದ್ದು ತಡೆಯಲಾಗದಿದ್ದರೆ 240 ಮಿಲಿಮೀಟರ್‌ನ ಲಿಕ್ವಿಡ್ ಕೂಲರ್ ಹಾಕಿಸಿಬಿಡಿ, ಮುಗಿಯಿತು.

ಹಳೇ_ಬೆಸುಗೆ

ಮೇಲಿನವರು ಗಾಬರಿ ಬೇಡ ಎಂದದ್ದು ಸರಿ, ಸಂಖ್ಯೆಯನ್ನು ನೋಡುವುದನ್ನೇ ಬಿಡಿ ಎಂದದ್ದು ಸರಿಯಲ್ಲ. ಅವರ 95ಕ್ಕೂ ನಿಮ್ಮ 100ಕ್ಕೂ ಮೇಲುನೋಟದ ಹೋಲಿಕೆ ಇದೆಯೇ ಹೊರತು ಅರ್ಥ ಬೇರೆ. ರೈಜ಼ನ್ 7700ಎಕ್ಸ್‌ನಲ್ಲಿ ಎಂಟೂ ಕೋರ್‌ಗಳು ಸುಮಾರು 70 ಚದರ ಮಿಲಿಮೀಟರ್‌ನ ಒಂದು ಪುಟ್ಟ ಸಿಲಿಕಾನ್ ತುಂಡಿನಲ್ಲಿವೆ, ಅಂದರೆ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕ ಜಾಗ. ಇಡೀ ಪ್ರೊಸೆಸರಿಗೆ ಬಿಟ್ಟಿರುವ 142 ವ್ಯಾಟ್‌ನ ದೊಡ್ಡ ಪಾಲು ಅಷ್ಟೇ ಜಾಗದಿಂದ ಹೊರಬರಬೇಕಾದ್ದರಿಂದ, ಮೇಲೆ ಎಷ್ಟೇ ದೊಡ್ಡ ಕೂಲರ್ ಕೂರಿಸಿದರೂ ಆ ಇಕ್ಕಟ್ಟಿನಲ್ಲಿ ಶಾಖ ನಿಂತೇ ನಿಲ್ಲುತ್ತದೆ. ನಿಮ್ಮ 12700ರ ಸಿಲಿಕಾನ್ ತುಂಡು 200 ಚದರ ಮಿಲಿಮೀಟರ್‌ಗೂ ಹೆಚ್ಚು ವಿಸ್ತಾರವಾದದ್ದು. ಅಲ್ಲಿಂದ ಶಾಖವನ್ನು ಎತ್ತುವುದು ಅಷ್ಟು ಕಷ್ಟವಲ್ಲ. ಆದ್ದರಿಂದ ಅದು ಹತ್ತು ಸೆಕೆಂಡಿನಲ್ಲಿ ನೂರಕ್ಕೆ ಹೋಗುತ್ತದೆಯೆಂದರೆ ಕಾರಣ ಹುಡುಕಲೇಬೇಕು.

ಹುಡುಕುವ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ತಾಪಮಾನ ಒಂದು ಫಲಿತಾಂಶ ಮಾತ್ರ, ಒಂಟಿಯಾಗಿ ಅದು ಏನನ್ನೂ ಹೇಳುವುದಿಲ್ಲ. ಪ್ರೊಸೆಸರಿನ ತಾಪಮಾನವೆಂದರೆ ಕೋಣೆಯ ತಾಪಮಾನಕ್ಕೆ, ಪ್ರೊಸೆಸರ್ ಬಳಸುತ್ತಿರುವ ವ್ಯಾಟ್‌ಗಳನ್ನು ಶಾಖ ಹೊರಹೋಗುವ ದಾರಿಯ ಅಡ್ಡಿಯಿಂದ ಗುಣಿಸಿ ಕೂಡಿಸಿದ್ದು. ಈ ಅಡ್ಡಿಯನ್ನು ‘ಒಂದು ವ್ಯಾಟ್‌ಗೆ ಎಷ್ಟು ಡಿಗ್ರಿ’ ಎಂದು ಅಳೆಯುತ್ತಾರೆ. ಡಬ್ಬಿಯ ಕೂಲರಿಗೆ, ಎಲ್ಲವೂ ನೆಟ್ಟಗಿದ್ದರೆ, ಕ್ಯಾಬಿನೆಟ್ಟಿನ ಒಳಗೆ ಇದು ಸುಮಾರು ಅರ್ಧ ಡಿಗ್ರಿ ಇರುತ್ತದೆ ಎಂಬುದು ನನ್ನ ಅನುಭವ. ಒಂದು ಒಳ್ಳೆಯ ಟವರ್ ಕೂಲರಿಗೆ (ಗೋಪುರದಂತೆ ಎತ್ತರವಾದ, ಫ್ಯಾನಿರುವ ಕೂಲರ್) ಅದು 0.3ರ ಸುತ್ತಮುತ್ತ ಇಳಿಯುತ್ತದೆ. ಹಾಗಾಗಿ ಯಾರಾದರೂ “ನನ್ನದು 80 ಡಿಗ್ರಿ, ನಿಮ್ಮದೇಕೆ 95” ಎಂದು ಕೇಳಿದರೆ, ಕೋಣೆಯಲ್ಲಿ ಎಷ್ಟಿತ್ತು, ಎಷ್ಟು ವ್ಯಾಟ್ ಹರಿಯುತ್ತಿತ್ತು ಎಂದು ತಿಳಿಯದೆ ಉತ್ತರ ಕೊಡಲಾಗದು. ಬೆಂಗಳೂರಿನಲ್ಲಿ 26 ಡಿಗ್ರಿಯ ಕೋಣೆಯಲ್ಲಿ ಕುಳಿತವರ ಸಂಖ್ಯೆಗೂ ಏಪ್ರಿಲ್‌ನ ಕಲಬುರಗಿಯ ಸಂಖ್ಯೆಗೂ ನಡುವೆ ಹನ್ನೆರಡು ಡಿಗ್ರಿಯ ಅಂತರ ಕೋಣೆಯಿಂದಲೇ ಬಂದುಬಿಡುತ್ತದೆ.

ಪೇಸ್ಟಿನ ಬಗ್ಗೆ ಜನರಿಗೆ ಇರುವ ನಂಬಿಕೆ ಅದರ ಯೋಗ್ಯತೆಗಿಂತ ದೊಡ್ಡದು. ತಾಮ್ರದ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್, ಮಾರುಕಟ್ಟೆಯ ಸಾಮಾನ್ಯ ಪೇಸ್ಟ್‌ಗಳದು 4ರಿಂದ 12, ನಿಂತ ಗಾಳಿಯದು ಕೇವಲ 0.026. ಎರಡು ಲೋಹಗಳ ನಡುವಿನ ಕಣ್ಣಿಗೆ ಕಾಣದ ಗುಂಡಿಗಳಲ್ಲಿ ಗಾಳಿ ನಿಲ್ಲದಂತೆ ತುಂಬುವುದಷ್ಟೇ ಪೇಸ್ಟಿನ ಕೆಲಸ. ಲೋಹ ಲೋಹಕ್ಕೆ ಒತ್ತಿ ಕೂತಿದ್ದರೆ ಸಾಧಾರಣ ಪೇಸ್ಟೂ ಸಾಕು. ಕೂಲರ್ ಒಂದು ಮೂಲೆಯಲ್ಲಿ ಎದ್ದಿದ್ದರೆ ಎಷ್ಟು ದುಬಾರಿ ಪೇಸ್ಟ್ ಹಚ್ಚಿದರೂ ಅದು ಗೋಡೆಯ ಬಿರುಕಿಗೆ ಸುಣ್ಣ ಬಳಿದಂತೆ. ನೀವು ಎರಡು ಸಲ ಬದಲಿಸಿದರೂ ವ್ಯತ್ಯಾಸ ಕಾಣದ್ದರಿಂದ, ಅಡ್ಡಿ ಪೇಸ್ಟಿನಲ್ಲಿಲ್ಲ ಎಂಬುದಂತೂ ತಿಳಿದಂತಾಯಿತು. ಆ ಖರ್ಚು ಪೂರ್ತಿ ವ್ಯರ್ಥವಲ್ಲ.

ದಯವಿಟ್ಟು ಇವನ್ನು ಅಳೆದು ತಿಳಿಸಿ. ಮೇಜಿನ ಮೇಲೆ ಒಂದು ಥರ್ಮಾಮೀಟರ್ ಇಟ್ಟು ಕೋಣೆಯ ತಾಪಮಾನ ನೋಡಿ. ಸುಮ್ಮನಿದ್ದಾಗಲೂ, ಹತ್ತು ನಿಮಿಷ ರೆಂಡರ್ ಆದ ಮೇಲೂ ‘ಸಿಪಿಯು ಪ್ಯಾಕೇಜ್ ಪವರ್’ ಎಂಬ ಸಾಲಿನಲ್ಲಿ ಎಷ್ಟು ವ್ಯಾಟ್ ಇದೆಯೆಂದು ಬರೆದುಕೊಳ್ಳಿ. ಕ್ಯಾಬಿನೆಟ್ಟಿನ ಪಕ್ಕದ ಹಲಗೆಯನ್ನು ತೆಗೆದು ಅದನ್ನೇ ಇನ್ನೊಮ್ಮೆ ಮಾಡಿ. ಮುಖ್ಯವಾಗಿ, ರೆಂಡರ್ ಶುರುವಾದ ಮೊದಲ ಎರಡು ಸೆಕೆಂಡಿನಲ್ಲಿ ತಾಪಮಾನ ಎಲ್ಲಿಂದ ಎಲ್ಲಿಗೆ ಹಾರುತ್ತದೆ, ಆಮೇಲೆ ಹೇಗೆ ಏರುತ್ತದೆ ಎಂದು ಗಮನಿಸಿ. ಕೂಲರಿನ ಲೋಹದ ರಾಶಿ ಬಿಸಿಯಾಗಲು ಹೊತ್ತು ಬೇಕು. ಹೀಗಾಗಿ ಕ್ಷಣಾರ್ಧದಲ್ಲಿ ಆಗುವ ಜಿಗಿತ ಪ್ರೊಸೆಸರಿಗೂ ಕೂಲರಿಗೂ ನಡುವಿನ ಸಂಪರ್ಕದ ಕತೆ ಹೇಳುತ್ತದೆ, ನಿಮಿಷಗಟ್ಟಲೆ ನಿಧಾನವಾಗಿ ಏರುವ ಏರಿಕೆ ಕೂಲರ್ ಮತ್ತು ಕ್ಯಾಬಿನೆಟ್ಟಿನ ಗಾಳಿಯ ಕತೆ ಹೇಳುತ್ತದೆ. ಕೊನೆಯದಾಗಿ, ಮದರ್‌ಬೋರ್ಡಿನ ಸೆಟ್ಟಿಂಗ್‌ಗಳ ಪುಟವಾದ ಬಯೋಸ್‌ನಲ್ಲಿ ಪಿಎಲ್1 (ದೀರ್ಘಕಾಲಕ್ಕೆ) ಮತ್ತು ಪಿಎಲ್2 (ಸ್ವಲ್ಪ ಹೊತ್ತಿಗೆ) ಎಂಬ ವ್ಯಾಟ್ ಮಿತಿಗಳು ಎಷ್ಟಿವೆ ಎಂದೂ ನೋಡಿ ಹೇಳಿ.

ಬಿಸಿಲನಾಡು

ವಿವರವಾಗಿ ಬರೆದದ್ದಕ್ಕೆ ಧನ್ಯವಾದಗಳು. ಹೇಳಿದ ಹಾಗೆಯೇ ಮಧ್ಯಾಹ್ನ ಮೂರು ಗಂಟೆಗೆ ಅಳೆದಿದ್ದೇನೆ.

ಕೋಣೆಯಲ್ಲಿ 38 ಡಿಗ್ರಿ. ಸುಮ್ಮನಿದ್ದಾಗ 16 ವ್ಯಾಟ್ ಬಳಕೆ, 50 ಡಿಗ್ರಿ. ಹತ್ತು ನಿಮಿಷದ ರೆಂಡರ್ ನಂತರ 100 ಡಿಗ್ರಿಯಲ್ಲಿ ನಿಂತು, ಬಳಕೆ 94 ವ್ಯಾಟ್‌ಗೆ ಇಳಿದಿತ್ತು. ಪಕ್ಕದ ಹಲಗೆ ತೆಗೆದಾಗಲೂ 100 ಡಿಗ್ರಿಯೇ ಇತ್ತು, ಆದರೆ ಬಳಕೆ 104 ವ್ಯಾಟ್ ಆಗಿತ್ತು. ಮೊದಲ ಎರಡು ಸೆಕೆಂಡಿನಲ್ಲಿ ತಾಪಮಾನ 50ರಿಂದ 88ಕ್ಕೆ ಹಾರಿತು, ಆಮೇಲೆ ಏಳೆಂಟು ಸೆಕೆಂಡಿನಲ್ಲಿ ನೂರಾಯಿತು. ಪರೀಕ್ಷೆಗೆ ಇಟ್ಟುಕೊಂಡ ಒಂದು ಮನೆಯ ಚಿತ್ರ ಮುಗಿಯಲು 34 ನಿಮಿಷ ಬೇಕಾಯಿತು.

ಬಯೋಸ್‌ನಲ್ಲಿ ಪಿಎಲ್1, ಪಿಎಲ್2 ಎರಡೂ 4096 ವ್ಯಾಟ್ ಎಂದಿದೆ. ಇದು ಮುದ್ರಣದೋಷವೇ ಎಂದು ಯೋಚಿಸುತ್ತಿದ್ದೆ, ಅಷ್ಟರಲ್ಲಿ ನೆನಪಾಯಿತು: ಮೊದಲ ಬಾರಿ ಯಂತ್ರ ಹೊತ್ತಿಸಿದಾಗ ಬೋರ್ಡು ‘ಡಬ್ಬಿಯ ಕೂಲರ್, ಟವರ್ ಕೂಲರ್, ವಾಟರ್ ಕೂಲರ್’ ಎಂದು ಮೂರು ಆಯ್ಕೆ ಕೊಟ್ಟು ಯಾವುದು ಎಂದು ಕೇಳಿತ್ತು. ಕೊನೆಯದೇ ಎಲ್ಲಕ್ಕಿಂತ ಉತ್ತಮವಿರಬೇಕೆಂದು ಅದನ್ನೇ ಒತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಹಳೇ_ಬೆಸುಗೆ

ನಾಚಿಕೆಯೇನಿಲ್ಲ, ಆ ಪ್ರಶ್ನೆಯನ್ನು ಕೇಳುವ ರೀತಿಯೇ ಹಾಗಿದೆ. 4096 ಎಂಬುದು ಮುದ್ರಣದೋಷವಲ್ಲ, “ಮಿತಿಯೇ ಇಲ್ಲ” ಎಂದು ಹೇಳುವ ಬೋರ್ಡಿನ ಭಾಷೆ. ಸ್ನಾನದ ಮನೆಯ ಗೀಸರ್ ಸಾಮಾನ್ಯವಾಗಿ 2000 ವ್ಯಾಟ್‌ನದು. ಅಂಥ ಎರಡು ಗೀಸರ್‌ಗಳ ವಿದ್ಯುತ್ತನ್ನು ಬಳಸಿಕೊಳ್ಳಲು ನಿಮ್ಮ ಪ್ರೊಸೆಸರಿಗೆ ಅನುಮತಿ ಸಿಕ್ಕಿದೆ ಎಂದಾಯಿತು. 12700ರ ಡಬ್ಬಿಯ ಮೇಲೆ ಕಾಣುವ 65 ವ್ಯಾಟ್ ಮೂಲ ವೇಗದಲ್ಲಿ ಬಳಸುವ ಶಕ್ತಿ. ಅದರ ಗರಿಷ್ಠ ಟರ್ಬೊ ಶಕ್ತಿ 180 ವ್ಯಾಟ್ ಎಂದು ಇಂಟೆಲ್ ತನ್ನ ವಿವರಪಟ್ಟಿಯಲ್ಲೇ ಕೊಟ್ಟಿದೆ. ಸ್ವಲ್ಪ ಹೊತ್ತು 180ರವರೆಗೆ ಜಿಗಿದು, ಆಮೇಲೆ 65ಕ್ಕೆ ಇಳಿದು ಓಡುವುದು ಆ ಲೆಕ್ಕದ ಉದ್ದೇಶ, ಡಬ್ಬಿಯಲ್ಲಿ ಬರುವ ಚಿಕ್ಕ ಕೂಲರ್ ಆ 65ಕ್ಕೆ ತಕ್ಕದ್ದು. ಮಿತಿ ತೆಗೆದುಹಾಕಿದರೆ ಪ್ರೊಸೆಸರ್ ನಿಲ್ಲುವುದು ನೂರು ಡಿಗ್ರಿಯ ಗೋಡೆಗೆ ಹಣೆ ತಾಗಿದಾಗ ಮಾತ್ರ. ನಿಮ್ಮಲ್ಲಿ ನಡೆಯುತ್ತಿರುವುದು ಅದೇ.

ಆದರೆ ಇದು ಅರ್ಧ ಕಾರಣ. ಉಳಿದ ಅರ್ಧ ನಿಮ್ಮ ಅಂಕಿಗಳಲ್ಲೇ ಇದೆ. ನೂರರಿಂದ ಕೋಣೆಯ 38 ಕಳೆದರೆ 62. ಅದನ್ನು 94 ವ್ಯಾಟ್‌ನಿಂದ ಭಾಗಿಸಿದರೆ ವ್ಯಾಟ್‌ಗೆ 0.66 ಡಿಗ್ರಿ. ಹಲಗೆ ತೆಗೆದಾಗ ಅದೇ ಲೆಕ್ಕ 0.60. ಪಕ್ಕದ ಹಲಗೆಯೇ ಇಲ್ಲದೆ ಇದು 0.5ರ ಒಳಗೆ ಬರಬೇಕಿತ್ತು. ಎರಡೇ ಸೆಕೆಂಡಿನಲ್ಲಿ 38 ಡಿಗ್ರಿಯ ಜಿಗಿತವೂ ನನಗೆ ಹೆಚ್ಚೆನಿಸುತ್ತದೆ. ಕೂಲರ್ ಪ್ರೊಸೆಸರಿನ ಮೇಲೆ ಸಮವಾಗಿ ಕೂತಿಲ್ಲ. ಹಲಗೆ ತೆಗೆದಾಗ ತಾಪಮಾನ ಇಳಿಯಲಿಲ್ಲವೆಂದು ನೀವು ನಿರಾಶರಾಗಿರಬಹುದು. ಗೋಡೆಗೆ ತಾಗಿ ನಿಂತ ಪ್ರೊಸೆಸರಿಗೆ ತಂಪು ಸಿಕ್ಕರೆ ಅದು ಡಿಗ್ರಿಯನ್ನು ಇಳಿಸುವುದಿಲ್ಲ, ವೇಗವನ್ನು ಏರಿಸಿಕೊಳ್ಳುತ್ತದೆ. ಅದಕ್ಕೇ ವ್ಯಾಟ್ ನೋಡಿ ಎಂದು ಹಟ ಹಿಡಿದದ್ದು. ಡಿಗ್ರಿ ಮಾತ್ರ ನೋಡುತ್ತಿದ್ದರೆ ಎರಡೂ ಪರೀಕ್ಷೆ ಒಂದೇ ಎಂದು ಕಾಣುತ್ತಿತ್ತು.

ಕೂಲರಿನ ನಾಲ್ಕು ಮೂಲೆಗಳಲ್ಲಿ ಒತ್ತಿ ಕೂರಿಸುವ ನಾಲ್ಕು ಕಪ್ಪು ಕಾಲುಗಳಿವೆಯಲ್ಲ, ಈ ಬಗೆಯ ಕೂಲರಿನಲ್ಲಿ ಹತ್ತಕ್ಕೆ ಐದು ತೊಂದರೆಗಳು ಅಲ್ಲೇ. ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಹಿಂಬದಿ ನೋಡಿ. ಪ್ರತಿ ರಂಧ್ರದಲ್ಲಿಯೂ ಬಿಳಿಯ ಪ್ಲಾಸ್ಟಿಕ್ ಉಗುರು ಎರಡಾಗಿ ಸೀಳಿ ಹರಡಿಕೊಂಡಿರಬೇಕು, ನಡುವೆ ಕಪ್ಪು ಕಡ್ಡಿ ಪೂರ್ತಿ ಇಳಿದಿರಬೇಕು. ಒಂದರಲ್ಲಾದರೂ ಹಾಗಿಲ್ಲದಿದ್ದರೆ ಕೂಲರ್ ಮೂರು ಕಾಲಿನ ಮಂಚ. ಕಾಲುಗಳ ತಲೆಯ ಮೇಲಿರುವ ಬಾಣದ ಗುರುತು ಬಿಚ್ಚುವಾಗ ತಿರುಗಿಸಬೇಕಾದ ದಿಕ್ಕನ್ನು ತೋರಿಸುತ್ತದೆ, ಕೂರಿಸುವಾಗ ತಿರುಗಿಸಬೇಕಾದ ದಿಕ್ಕನ್ನಲ್ಲ. ಬಹಳ ಮಂದಿ ಅದನ್ನು ಸ್ಕ್ರೂ ಎಂದುಕೊಂಡು ಬಿಗಿಮಾಡಲು ಹೋಗಿ ಸಡಿಲಿಸಿಬಿಡುತ್ತಾರೆ. ನಾಲ್ಕನ್ನೂ ಮೂಲಸ್ಥಾನಕ್ಕೆ ತಂದು, ಎದುರುಬದುರಿನ ಎರಡನ್ನು ಒಟ್ಟಿಗೆ ಒತ್ತಿ, ಬಳಿಕ ಉಳಿದೆರಡನ್ನು ಒತ್ತಿ. ‘ಟಕ್’ ಎಂಬ ಸದ್ದು ನಾಲ್ಕು ಸಲ ಕೇಳಬೇಕು. ಕೂಲರ್ ಎತ್ತಿದ ಮೇಲೆ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಹೊಸದಾಗಿ ಹಚ್ಚಲೇಬೇಕು, ಅದೇ ಪೇಸ್ಟಿನ ಮೇಲೆ ಮತ್ತೆ ಕೂರಿಸಿದರೆ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ.

ಇನ್ನು ಹಾಳಾಗುತ್ತದೆಯೇ ಎಂಬ ಪ್ರಶ್ನೆ. ನಾಳೆಯೇ ಸುಟ್ಟುಹೋಗುವುದಿಲ್ಲ. ಮಿತಿ ತಲುಪಿದಾಗ ವೇಗ ತಗ್ಗಿಸುವುದು, ಅದೂ ಸಾಲದಿದ್ದರೆ ಯಂತ್ರವನ್ನೇ ಆರಿಸುವುದು ಪ್ರೊಸೆಸರಿನ ಒಳಗೇ ಇರುವ ರಕ್ಷಣೆ. ನಿಮ್ಮದು ಮೊದಲ ಹಂತದಲ್ಲೇ ನಿಲ್ಲುತ್ತಿದೆ. ಆದರೂ ವರ್ಷಗಟ್ಟಲೆ ಹಾಗೆ ಓಡಿಸುವುದನ್ನು ನಾನು ಒಪ್ಪುವುದಿಲ್ಲ. ಸಿಲಿಕಾನ್ ಬಿಸಿಯಾದಷ್ಟೂ ಸೋರಿಕೆ ವಿದ್ಯುತ್ ಹೆಚ್ಚಿ, ಅದೇ ವೇಗಕ್ಕೆ ಹೆಚ್ಚು ವ್ಯಾಟ್ ಕೇಳುತ್ತದೆ. ಸುತ್ತಲಿನ ಬೋರ್ಡೂ ಕಾಯುತ್ತದೆ. ಪವರ್ ಸಪ್ಲೈ ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ ಹತ್ತು ಡಿಗ್ರಿ ಏರಿಕೆಗೆ ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ದುರಸ್ತಿ ಮಾಡುವವರೆಲ್ಲ ಬಲ್ಲ ಲೆಕ್ಕ. ನನ್ನ ಬೆಂಚಿಗೆ ಬಂದ ಯಂತ್ರಗಳಲ್ಲಿ ಶಾಖದಿಂದ ಪ್ರೊಸೆಸರ್ ಸತ್ತದ್ದು ಅಪರೂಪ, ಕೆಪಾಸಿಟರ್ ಉಬ್ಬಿದ್ದು ಲೆಕ್ಕವಿಲ್ಲದಷ್ಟು.

ತುಂಗಾತೀರ

ಹಳೇ_ಬೆಸುಗೆಯವರ ಲೆಕ್ಕಕ್ಕೆ ಒಂದು ಸೇರ್ಪಡೆ. ಹಲಗೆ ತೆಗೆದರೆ ಹತ್ತು ವ್ಯಾಟ್ ಹೆಚ್ಚು ಸಿಕ್ಕಿತೆಂದರೆ ಕ್ಯಾಬಿನೆಟ್ಟಿನ ಒಳಗೆ ಗಾಳಿ ಆಡುತ್ತಿಲ್ಲ ಎಂದೇ ಅರ್ಥ. ಕೂಲರಿನ ಫ್ಯಾನಿಗೆ ಸಿಗುವುದು ಕೋಣೆಯ 38 ಡಿಗ್ರಿಯ ಗಾಳಿಯಲ್ಲ, ಒಳಗೆ ಸುತ್ತಿ ಸುತ್ತಿ ಕಾದ ಗಾಳಿ. ಮುಂಭಾಗಕ್ಕೆ ಗಾಜು ಇರುವ ಕ್ಯಾಬಿನೆಟ್ ನಿಮ್ಮದಿರಬಹುದು ಎಂದು ಊಹಿಸುತ್ತೇನೆ. ಚೆಂದಕ್ಕೆ ಮಾಡಿದ ಅಂಥವುಗಳಲ್ಲಿ ಗಾಳಿ ಒಳಬರಲು ಪಕ್ಕದ ಸಣ್ಣ ಸೀಳು ಮಾತ್ರ ಇರುತ್ತದೆ. ಮುಂದೆ 120 ಮಿಲಿಮೀಟರ್‌ನ ಎರಡು ಫ್ಯಾನು ಒಳಕ್ಕೆ, ಹಿಂದೆ ಒಂದು ಹೊರಕ್ಕೆ ಇದ್ದರೆ ಸಾಕು. ಫ್ಯಾನಿನ ಚೌಕಟ್ಟಿಗೆ ಕಡ್ಡಿಗಳಿರುವ ಬದಿಯಿಂದ ಗಾಳಿ ಹೊರಬರುತ್ತದೆ. ತಿರುಗುಮುರುಗಾಗಿ ಕೂರಿಸಿ, ಎರಡೂ ಕಡೆಯಿಂದ ಗಾಳಿ ಹೊರಗೇ ತಳ್ಳುತ್ತಿದ್ದ ಯಂತ್ರಗಳನ್ನು ನಾನು ಕಂಡಿದ್ದೇನೆ.

ಲಿಕ್ವಿಡ್ ಕೂಲರ್ ಹಾಕಿದರೆ ಕೋಣೆಗಿಂತ ತಂಪಾಗುತ್ತದೆ ಎಂಬ ಭ್ರಮೆ ಕೆಲವರಿಗಿದೆ. ಮಣ್ಣಿನ ಗಡಿಗೆಯ ನೀರು ಕೋಣೆಗಿಂತ ತಂಪಾಗಿರುವುದು ಗೋಡೆಯಿಂದ ಜಿನುಗಿದ ನೀರು ಆವಿಯಾಗುವುದರಿಂದ. ಲಿಕ್ವಿಡ್ ಕೂಲರಿನ ನೀರು ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತದೆ, ಏನೂ ಆವಿಯಾಗುವುದಿಲ್ಲ. ಅದು ಶಾಖವನ್ನು ಒಂದೆಡೆಯಿಂದ ಎತ್ತಿ ದೊಡ್ಡ ರೇಡಿಯೇಟರಿಗೆ ಒಯ್ದು ಅದೇ 38 ಡಿಗ್ರಿಯ ಗಾಳಿಗೆ ಬಿಡುವ ಸಾಧನ ಅಷ್ಟೆ. 250 ವ್ಯಾಟ್ ನುಂಗುವ ಪ್ರೊಸೆಸರಿಗೆ ಅದು ಬೇಕಾಗಬಹುದು. ನಿಮ್ಮದಕ್ಕೆ ಟವರ್ ಕೂಲರ್ ಸಾಕು, ಪಂಪ್ ಕೆಡುವ ಚಿಂತೆಯೂ ಇರುವುದಿಲ್ಲ.

ಹಾಗೆಯೇ, ಕಲಬುರಗಿಯ ಮನೆಗಳಲ್ಲಿ ಬೇಸಿಗೆಗೆ ನೀರಿನ ಏರ್ ಕೂಲರ್ ಇರುವುದು ಸಾಮಾನ್ಯ. ಒಣಹವೆಯಲ್ಲಿ ಅದು ಕೋಣೆಯನ್ನು ಆರೇಳು ಡಿಗ್ರಿ ಇಳಿಸಿದರೆ ಪ್ರೊಸೆಸರ್ ಕೂಡ, ಅಷ್ಟೇ ವ್ಯಾಟ್‌ನಲ್ಲಿ, ಆರೇಳು ಡಿಗ್ರಿ ಇಳಿಯುತ್ತದೆ. ಆದರೆ ಅದರ ಬಾಯಿಯನ್ನು ನೇರವಾಗಿ ಕಂಪ್ಯೂಟರಿನ ಕಡೆ ತಿರುಗಿಸಬೇಡಿ. ಗಾಳಿಯೊಂದಿಗೆ ಹಾರಿಬರುವ ಬೋರ್‌ವೆಲ್ ನೀರಿನ ಹನಿ ಒಣಗಿ, ಅದರ ಉಪ್ಪು ಬೋರ್ಡಿನ ಮೇಲೆ ಕೂರುವುದು ಶಾಖಕ್ಕಿಂತ ಕೆಟ್ಟದ್ದು.

ಮೂರು_ಫ್ಯಾನ್

ನನ್ನ ಮಾತನ್ನು ಭಾಗಶಃ ಹಿಂತೆಗೆದುಕೊಳ್ಳುತ್ತೇನೆ. ಈ ಚರ್ಚೆ ಓದಿ ನನ್ನ 7700ಎಕ್ಸ್ ಅನ್ನು ಬಯೋಸ್‌ನಲ್ಲಿ 65 ವ್ಯಾಟ್‌ನ ಇಕೊ ಮೋಡ್‌ಗೆ ಹಾಕಿ ನೋಡಿದೆ. ಹೆಸರಿನಲ್ಲಿ 65 ಇದ್ದರೂ ಆಗ ಬಳಕೆಯ ಮಿತಿ 142ರಿಂದ 88 ವ್ಯಾಟ್‌ಗೆ ಇಳಿಯುತ್ತದೆ. ತಾಪಮಾನ 95ರಿಂದ 70ರ ಆಸುಪಾಸಿಗೆ ಬಂತು. ವೇಗದಲ್ಲಿ ಇಷ್ಟು ಕಡಿಮೆ ನಷ್ಟವಾಗುತ್ತದೆಂದು ನಾನು ಎಣಿಸಿಯೇ ಇರಲಿಲ್ಲ. ಇದು ಹೇಗೆ ಸಾಧ್ಯ? ಮೂರನೇ ಒಂದು ಭಾಗಕ್ಕಿಂತ ಹೆಚ್ಚು ವಿದ್ಯುತ್ ಕಡಿತವಾದರೆ ವೇಗವೂ ಅಷ್ಟೇ ಬೀಳಬೇಕಲ್ಲವೇ?

ಹಳೇ_ಬೆಸುಗೆ

ಬೀಳಬೇಕಾಗಿಲ್ಲ. ಟ್ರಾನ್ಸಿಸ್ಟರ್‌ಗಳು ಬಳಸುವ ಶಕ್ತಿ ಗಡಿಯಾರದ ವೇಗಕ್ಕೆ ನೇರ ಅನುಪಾತದಲ್ಲಿಯೂ, ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. ವೇಗ ಹೆಚ್ಚಿಸಬೇಕೆಂದರೆ ವೋಲ್ಟೇಜನ್ನೂ ಹೆಚ್ಚಿಸಬೇಕು. ತುದಿಯ ಕೆಲವು ನೂರು ಮೆಗಾಹರ್ಟ್ಸ್‌ಗೆ ವೋಲ್ಟೇಜು ಕಡಿದಾಗಿ ಏರುತ್ತದೆ. ಉದಾಹರಣೆಗೆ, ವೇಗ ನೂರಕ್ಕೆ ಹತ್ತು ಹೆಚ್ಚಿಸಲು ವೋಲ್ಟೇಜನ್ನೂ ನೂರಕ್ಕೆ ಹತ್ತು ಏರಿಸಬೇಕಾಗಿ ಬಂದರೆ, 1.1 ಅನ್ನು ಮೂರು ಸಲ ಗುಣಿಸಿ ನೋಡಿ, ಶಕ್ತಿ ನೂರಕ್ಕೆ ಮೂವತ್ಮೂರು ಹೆಚ್ಚಾಗುತ್ತದೆ. ಇಂದಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಕಾರ್ಖಾನೆಯಿಂದಲೇ ಆ ಕಡಿದಾದ ತುದಿಯಲ್ಲಿ ನಿಂತು ಬರುತ್ತವೆ. ಹಿಂದೆ ಓವರ್‌ಕ್ಲಾಕ್ (ನಿಗದಿತ ವೇಗ ಮೀರಿ ಓಡಿಸುವ ಪ್ರಯೋಗ) ಮಾಡುವವರು ಹುಡುಕಿಕೊಂಡು ಹೋಗುತ್ತಿದ್ದ ಆ ಕೊನೆಯ ಮೆಟ್ಟಿಲನ್ನು ಈಗ ತಯಾರಕರೇ ಏರಿಸಿ ಕಳಿಸುತ್ತಾರೆ. ಒಂದು ಮೆಟ್ಟಿಲು ಕೆಳಗಿಳಿದರೆ ನಷ್ಟ ಅಲ್ಪ, ನೆಮ್ಮದಿ ಬಹಳ.

2004ರ ಪ್ರೆಸ್ಕಾಟ್ ಪೆಂಟಿಯಮ್ 4 ಕಾಲದಿಂದ ಈ ಕೆಲಸದಲ್ಲಿದ್ದೇನೆ. ಆಗ 115 ವ್ಯಾಟ್ ಎಂದರೆ ಊರೆಲ್ಲ ಮಾತಾಡುತ್ತಿತ್ತು. ಅದರ ಮುಂದಿನ ಪೀಳಿಗೆಯಾಗಬೇಕಿದ್ದ ಟೇಜಸ್ ಯೋಜನೆಯನ್ನು ಇಂಟೆಲ್ ಅದೇ ವರ್ಷ ಕೈಬಿಟ್ಟು ಹೆಚ್ಚು ಕೋರ್‌ಗಳ ದಾರಿ ಹಿಡಿಯಿತು. ಇಂದು 65 ವ್ಯಾಟ್ ಎಂದು ಬರೆದ ಡಬ್ಬಿಯೊಳಗೆ 180 ವ್ಯಾಟ್ ಬಳಸಬಲ್ಲ ಪ್ರೊಸೆಸರ್ ಬರುತ್ತದೆ, ಯಾರೂ ಹುಬ್ಬೇರಿಸುವುದಿಲ್ಲ.

ಬಿಸಿಲನಾಡು

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಒಪ್ಪಿಕೊಂಡ ಕೆಲಸ ಮುಗಿಸಿದ ಮೇಲೆ ಭಾನುವಾರ ಯಂತ್ರವನ್ನು ಬಿಚ್ಚಿದೆ.

ಬೋರ್ಡಿನ ಹಿಂಬದಿ ನೋಡಿದಾಗ ಮೂರು ಉಗುರುಗಳು ಹರಡಿಕೊಂಡಿದ್ದವು, ಮೇಲಿನ ಬಲಮೂಲೆಯದು ರಂಧ್ರದೊಳಗೆ ಅರ್ಧ ಇಳಿದು ನಿಂತಿತ್ತು. ಕೂಲರ್ ಎತ್ತಿದಾಗ ಪೇಸ್ಟಿನ ಗುರುತು ಒಂದು ಬದಿಯಲ್ಲಿ ತೆಳ್ಳಗೆ ಹರಡಿ, ಇನ್ನೊಂದು ಬದಿಯಲ್ಲಿ ದಪ್ಪವಾಗಿ, ಒತ್ತಡವೇ ಬೀಳದಂತೆ ಹಾಗೆಯೇ ಉಳಿದಿತ್ತು. ಎರಡು ಬಾರಿ ಪೇಸ್ಟ್ ಬದಲಿಸಿದಾಗಲೂ ಬೋರ್ಡನ್ನು ಹೊರತೆಗೆಯದೆ, ಕ್ಯಾಬಿನೆಟ್ಟಿನೊಳಗೇ ಬಗ್ಗಿ ಒತ್ತಿದ್ದರಿಂದ ಅದೇ ಮೂಲೆ ಎರಡು ಸಲವೂ ತಪ್ಪಿದೆ. ಮುಂಭಾಗ ಗಾಜಿನದೇ, ತುಂಗಾತೀರ ಅವರ ಊಹೆ ಸರಿಯಾಗಿತ್ತು.

ಮೊದಲು ಕೂಲರನ್ನಷ್ಟೇ ಸರಿಯಾಗಿ ಕೂರಿಸಿ, ಬೇರೇನನ್ನೂ ಬದಲಿಸದೆ ಅಳೆದೆ. ಕೋಣೆಯಲ್ಲಿ ಅದೇ 38 ಡಿಗ್ರಿ ಇತ್ತು. ಹಲಗೆ ಮುಚ್ಚಿದಾಗ 100 ಡಿಗ್ರಿಯಲ್ಲಿ 117 ವ್ಯಾಟ್, ಹಲಗೆ ತೆಗೆದಾಗ 128 ವ್ಯಾಟ್. ನಿಮ್ಮ ಲೆಕ್ಕದ ಪ್ರಕಾರ ಅಡ್ಡಿ 0.66ರಿಂದ 0.53ಕ್ಕೆ ಇಳಿದಿದೆ. ತಾಪಮಾನ ಮಾತ್ರ ನೋಡಿದ್ದರೆ ಈಗಲೂ ನೂರೇ ಇದೆಯಲ್ಲ ಎಂದು ಪ್ರೊಸೆಸರನ್ನೇ ಬೈಯುತ್ತಿದ್ದೆ. ಆಮೇಲೆ ಪಿಎಲ್1, ಪಿಎಲ್2 ಎರಡನ್ನೂ 90 ವ್ಯಾಟ್‌ಗೆ ಕಟ್ಟಿದೆ. ತಾಪಮಾನ 86 ಡಿಗ್ರಿಗೆ ಬಂದು ನಿಂತಿತು, ಫ್ಯಾನಿನ ಕೂಗು ಅಡಗಿತು, ಪರೀಕ್ಷೆಯ ಚಿತ್ರಕ್ಕೆ ಮೂವತ್ತನಾಲ್ಕೂವರೆ ನಿಮಿಷ ಹಿಡಿಯಿತು. ಅಂದರೆ ಇಷ್ಟು ದಿನ ಅಷ್ಟೆಲ್ಲ ಗದ್ದಲ ಸಹಿಸಿಕೊಂಡು ನಾನು ಗಳಿಸಿದ್ದು ಅರ್ಧ ನಿಮಿಷ. ರಾತ್ರಿ ಹನ್ನೊಂದಕ್ಕೆ ಕೋಣೆ 31 ಡಿಗ್ರಿಗೆ ಇಳಿದಾಗ ಅದೇ ರೆಂಡರ್ 79 ಡಿಗ್ರಿಯಲ್ಲಿ ನಡೆಯಿತು. ಕೋಣೆ ಏಳು ಇಳಿದರೆ ಪ್ರೊಸೆಸರ್ ಏಳು ಇಳಿಯುತ್ತದೆ ಎಂದದ್ದು ಅಂಕಿಗೆ ಅಂಕಿ ಸರಿಹೋಯಿತು.

ಮರುವಾರ ನಾಲ್ಕು ಶಾಖನಾಳಗಳಿರುವ, ಒಂದು 120 ಮಿಲಿಮೀಟರ್ ಫ್ಯಾನಿನ ಟವರ್ ಕೂಲರನ್ನೂ ಮುಂಭಾಗಕ್ಕೆ ಎರಡು ಫ್ಯಾನುಗಳನ್ನೂ ತರಿಸಿದೆ. ಈಗಿನ ಅಂಕಿಗಳು ಹೀಗಿವೆ: 125 ವ್ಯಾಟ್ ಮಿತಿಯಲ್ಲಿ 74 ಡಿಗ್ರಿ, 30 ನಿಮಿಷ. 150 ವ್ಯಾಟ್‌ನಲ್ಲಿ 82 ಡಿಗ್ರಿ, ಇಪ್ಪತ್ತೆಂಟೂವರೆ ನಿಮಿಷ. ಪೂರ್ತಿ 180 ವ್ಯಾಟ್‌ನಲ್ಲಿ 90 ಡಿಗ್ರಿ, ಇಪ್ಪತ್ತೇಳೂವರೆ ನಿಮಿಷ. ಇವುಗಳಲ್ಲಿ ಯಾವುದಕ್ಕೆ ಬಿಡುವುದು ಎಂಬುದೊಂದೇ ಉಳಿದ ಪ್ರಶ್ನೆ.

ತುಂಗಾತೀರ

ಒಂದು ಚಿತ್ರಕ್ಕೆ ತಗಲುವ ವಿದ್ಯುತ್ತನ್ನು ಲೆಕ್ಕ ಹಾಕಿ. 125 ವ್ಯಾಟ್‌ನಲ್ಲಿ ಅರ್ಧ ಗಂಟೆ ಎಂದರೆ ಸುಮಾರು 62 ವ್ಯಾಟ್-ಗಂಟೆ. 180ರಲ್ಲಿ ಇಪ್ಪತ್ತೇಳೂವರೆ ನಿಮಿಷವೆಂದರೆ 82. ಎರಡೂವರೆ ನಿಮಿಷ ಉಳಿಸಲು ಮೂರರಲ್ಲಿ ಒಂದು ಪಾಲು ಹೆಚ್ಚು ವಿದ್ಯುತ್, ಅದೂ ಕೊನೆಗೆ ಶಾಖವಾಗಿ ನಿಮ್ಮ ಕೋಣೆಗೇ ಬರುತ್ತದೆ. ಬೇಸಿಗೆಯಲ್ಲಿ 125, ನವೆಂಬರ್ ನಂತರ ಬೇಕಿದ್ದರೆ 150 ಎನ್ನುವುದು ನನ್ನ ಸಲಹೆ.

ಟವರ್ ಕೂಲರಿನ ಕಾಲುಪಟ್ಟಿ ಎಲ್‌ಜಿಎ 1700 ಸಾಕೆಟ್ಟಿನದೇ (ಬೋರ್ಡಿನ ಮೇಲೆ ನಿಮ್ಮ ಪ್ರೊಸೆಸರ್ ಕೂರುವ ಜಾಗ) ತಾನೇ? ಆ ಸಾಕೆಟ್ಟಿನ ರಂಧ್ರಗಳ ನಡುವಿನ ಅಂತರ 78 ಮಿಲಿಮೀಟರ್, ಹಿಂದಿನ ಎಲ್‌ಜಿಎ 1200ರದು 75. ಹಳೆಯ ದಾಸ್ತಾನಿನ ಕೂಲರ್ ಕೊಟ್ಟು ಸಾಗಹಾಕುವ ಅಂಗಡಿಗಳಿವೆ, ಹೇಗೋ ತುರುಕಿ ಕೂರಿಸಿದರೆ ಮತ್ತೆ ಅದೇ ಮೂಲೆಯ ಕತೆ.

ಬಿಸಿಲನಾಡು

1700ರದೇ. ನಾಲ್ಕೂ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಮಾಡಿದ್ದೇನೆ. ಈ ಬಾರಿ ಬೋರ್ಡನ್ನು ಮೇಜಿನ ಮೇಲಿಟ್ಟುಕೊಂಡೇ ಕೆಲಸ ಮಾಡಿದೆ. ಮಿತಿಯನ್ನು 125ಕ್ಕೆ ಕಟ್ಟಿದ್ದೇನೆ. ಮೊದಲ ಎರಡು ಸೆಕೆಂಡಿನ ಜಿಗಿತ ಈಗ 19 ಡಿಗ್ರಿ ಮಾತ್ರ.

ಹಳೇ_ಬೆಸುಗೆ

ಒಳ್ಳೆಯದು. ಇವತ್ತಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಒಳಬದಿಗೆ ಅಂಟಿಸಿ: ದಿನಾಂಕ, ಕೋಣೆಯ ತಾಪಮಾನ, ವ್ಯಾಟ್, ಡಿಗ್ರಿ. ಆರು ತಿಂಗಳಿಗೊಮ್ಮೆ ಅದೇ 125 ವ್ಯಾಟ್‌ನಲ್ಲಿ ಅಳೆದು, ಕೋಣೆಯ ವ್ಯತ್ಯಾಸವನ್ನು ಕಳೆದ ಮೇಲೂ ಐದಾರು ಡಿಗ್ರಿ ಹೆಚ್ಚು ಕಂಡರೆ ಮೊದಲು ಧೂಳು ತೆಗೆಯಿರಿ. ಧೂಳು ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಿ. ಧೂಳು ತೆಗೆದರೂ ಇಳಿಯದಿದ್ದರೆ ಆಗ ಪೇಸ್ಟ್ ಬದಲಿಸುವ ಯೋಚನೆ ಮಾಡಿ. ಎರಡನೆಯ ಸಲ ತರಿಸಿದ ದುಬಾರಿ ಪೇಸ್ಟ್ ಇನ್ನೂ ಉಳಿದಿದ್ದರೆ ಮುಚ್ಚಳ ಬಿಗಿಯಾಗಿ ಹಾಕಿಡಿ.